ಎಡಕ್ಕೆ ತೆರೆಯುವ ಬಾಗಿಲು

ಹಾಲ್ವರನಿಗೆ ಸುಮ್ಮನೆ ಕೂರುವುದೆಂದರೆ ಆಗದು. ಬೇಸರವಾದರೆ ಸೌದೆ ಒಡೆಯುತ್ತಿದ್ದ, ಖುಷಿಯಾದರೂ ಸೌದೆಯನ್ನೇ ಒಡೆಯುತ್ತಿದ್ದ. ಒಂದು ವಾರ ಫೆರಿಯ ಮೇಲೆ ಕೆಲಸ, ಇನ್ನೊಂದು ವಾರ ನಾರ್ವೆ ಕರಾವಳಿಯ ದ್ವೀಪದ ಮನೆಯಲ್ಲಿ ರಜೆ. ಆ ರಜೆಯಲ್ಲಿ ಯಾರ ಮನೆಯ ಮಾಡು ಸೋರಿದರೂ ಇವನೇ ಏಣಿ ಹೊತ್ತು ಹೊರಡುತ್ತಿದ್ದ. ಕೇಳುವುದಿಲ್ಲ, ಹೇಳುವುದಿಲ್ಲ, ಮಾಡಿ ಮುಗಿಸಿ ಬಂದುಬಿಡುವುದು. ಆ ದ್ವೀಪದ ಜನರೇ ಹಾಗೆ. ಇವನು ಅವರೆಲ್ಲರಿಗಿಂತ ಒಂದು ಕೈ ಮೇಲು. ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಇಬ್ಬರ ಪರವಾಗಿ ಹೆಂಡತಿ ಸಿಸೆಲ್‌ಳೇ ಆಡುತ್ತಿದ್ದಳು.

ಇವರಿಗೆ ಒಬ್ಬಳೇ ಮಗಳು, ತಿರಿಲ್. ಹದಿನಾಲ್ಕು ತುಂಬಿದ ವರ್ಷ ಅವಳಿಗೆ ಇಲ್ಲದ ದನಿಗಳು ಕೇಳಿಸತೊಡಗಿದವು. ಡಾಕ್ಟರು, ಮಾತ್ರೆ, ಮತ್ತೆ ಬೇರೆ ಮಾತ್ರೆ, ಹೀಗೆ ಒಂದು ವರ್ಷ ಹೋಯಿತು. ಒಂದು ಬೆಳಿಗ್ಗೆ ಬ್ರೆಡ್ಡಿನ ಮೇಲೆ ಕಂದು ಚೀಸ್ ಹೆರೆದು ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

"ಅಪ್ಪ, ರೇಡಿಯೋದವನು ಈಗ ನನ್ನ ಹೆಸರು ಹೇಳಿದ. ನಿಜಾನಾ?"

"ಇಲ್ಲ ಕಣೇ. ನೈಋತ್ಯದ ಗಾಳಿ ಬರುತ್ತೆ ಅಂದ, ಅಷ್ಟೇ."

"ಹೌದಾ, ಸರಿ," ಎಂದು ಅವಳು ಬ್ರೆಡ್ಡು ತಿಂದಳು.

ಅಂದಿನಿಂದ ಅದು ಅಪ್ಪ ಮಗಳ ಒಪ್ಪಂದವಾಯಿತು. ಅವಳು "ನಿಜಾನಾ?" ಎಂದರೆ ಹಾಲ್ವರ್ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ದಿನಕ್ಕೆ ಮೂರು ಸಲ ಕೇಳಲಿ, ಮೂವತ್ತು ಸಲ ಕೇಳಲಿ, ಅವನು ಒಂದು ಸಲವೂ ಸುಳ್ಳಾಡಲಿಲ್ಲ. ಅವಳ ಹದಿನಾರನೇ ಹುಟ್ಟುಹಬ್ಬಕ್ಕೆ ಸಿಸೆಲ್ ಅಟ್ಟದ ಮೇಲೆ ಸೈಕಲ್ ಬಚ್ಚಿಟ್ಟಿದ್ದಳು. "ಅಪ್ಪ, ಮೇಲೆ ಸೈಕಲ್ ಇದೆ ಅನ್ಸುತ್ತೆ, ನಿಜಾನಾ?" ಎಂದು ತಿರಿಲ್ ಕೇಳಿದಳು. "ನಿಜ. ನೀಲಿ ಬಣ್ಣದ್ದು," ಎಂದುಬಿಟ್ಟ ಈ ಪುಣ್ಯಾತ್ಮ. ಬಣ್ಣ ಹೇಳು ಎಂದು ಯಾರು ಕೇಳಿದ್ದರು? ಸಿಸೆಲ್ ಮೂರು ದಿನ ಅವನ ಹತ್ತಿರ ಮಾತು ಬಿಟ್ಟಳು.

ಫೆಬ್ರವರಿಯ ಒಂದು ಮಧ್ಯಾಹ್ನ, ಹಾಲ್ವರ್ ಫೆರಿಯಲ್ಲಿದ್ದ ವಾರ, ತಿರಿಲ್ ಶಾಲೆಯಿಂದ ಕಡಲ ದಂಡೆಯ ದಾರಿಯಲ್ಲಿ ಮನೆಗೆ ಬರುತ್ತಿದ್ದಳು. ಎರಡು ವಾರದಿಂದ ಅವಳು ಮಾತ್ರೆ ನುಂಗದೆ ಬೂಟಿನೊಳಗೆ ಹಾಕಿಡುತ್ತಿದ್ದದ್ದು ಆಮೇಲೆ ಗೊತ್ತಾದ ಸಂಗತಿ. ಮುದುಕಿ ಆಸ್ಲೌಗ್‌ಳ ದೋಣಿಮನೆ, ಅಂದರೆ ದಂಡೆಯಲ್ಲಿ ದೋಣಿ ಇಡುವ ಮರದ ಕೊಟ್ಟಿಗೆಯ ಹತ್ತಿರ ಬಂದಾಗ ಒಳಗೆ ಯಾರೋ ಚಳಿಯಲ್ಲಿ ನಡುಗಿ ಅಳುವುದು ಅವಳಿಗೆ ಕೇಳಿಸಿತು. ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಆ ಹೊತ್ತಿನಲ್ಲಿ ದಕ್ಕೆಯ ಗೂಟಕ್ಕೆ ಹಗ್ಗ ಸುತ್ತುತ್ತಿದ್ದ. ಅವಳು ಒಳಗೆ ಹೋಗಿ ಬಕೆಟ್ಟಿನಲ್ಲಿ ಮರದ ಹೊಟ್ಟು ತುಂಬಿ, ಅಳುವವರು ಬೆಚ್ಚಗಾಗಲಿ ಎಂದು ಕಡ್ಡಿ ಗೀರಿದಳು. ಅರವತ್ತು ವರ್ಷ ಟಾರು ಕುಡಿದ ಹಲಗೆಗಳು. ಅರ್ಧ ಗಂಟೆಯಲ್ಲಿ ಎಲ್ಲ ಬೂದಿ. ಅಗ್ನಿಶಾಮಕದವರನ್ನು ಕರೆದವಳೂ ಅವಳೇ. ಅವರು ಬಂದಾಗ, "ಒಳಗಿದ್ದವರನ್ನ ಹೊರಗೆ ತನ್ನಿ," ಎಂದು ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದಳು.

ಒಳಗೆ ಯಾರೂ ಇರಲಿಲ್ಲ. ದೋಣಿಯೂ ಇರಲಿಲ್ಲ, ಅದು ರಿಪೇರಿಗೆಂದು ಹಾಲ್ವರನ ಅಂಗಳದಲ್ಲೇ ಮಗುಚಿಕೊಂಡಿತ್ತು. ಹಾಲ್ವರನ ಫೋನಿನಲ್ಲಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಬಂದ ಒಂದು ಮಿಸ್ಡ್ ಕಾಲ್ ಉಳಿದಿತ್ತು. ಅದನ್ನು ಅವನು ಅಳಿಸಲಿಲ್ಲ, ಯಾರಿಗೂ ತೋರಿಸಲೂ ಇಲ್ಲ.

ನಾರ್ವೆಯ ಕಾನೂನಿಗೆ ಹದಿನೈದು ತುಂಬಿದರೆ ಸಾಕು, ತಪ್ಪು ತಪ್ಪೇ. ತಿರಿಲ್‌ಗೆ ಹದಿನಾರು. ಅವಳಿಗೆ ಕಾಯಿಲೆ ಇರುವುದು ನಿಜ, ಆದರೆ ಕಾನೂನು ಕೈಬಿಡುವಷ್ಟು ಇಲ್ಲ ಎಂದು ತಜ್ಞರು ಬರೆದುಕೊಟ್ಟರು. ಇಂಥ ನಡುವಿನ ಮಕ್ಕಳ ಪಾಡು ಯಾವ ದೇಶದಲ್ಲೂ ಬೇಡ. ಅವಳನ್ನು ಪಟ್ಟಣದ ಆಸ್ಪತ್ರೆಯ ಹದಿಹರೆಯದವರ ವಾರ್ಡಿಗೆ ಸೇರಿಸಿದರು. ಪ್ರಕರಣ ರಾಜಿಸಭೆಗೆ ಹೋಯಿತು. ಸುಟ್ಟವಳು, ಕಳೆದುಕೊಂಡವಳು ಎದುರುಬದುರು ಕೂತು ಮಾತಾಡಬೇಕು, ತಪ್ಪನ್ನು ಹೇಗೆ ಸರಿಮಾಡುತ್ತೇನೆಂದು ಹುಡುಗಿಯೇ ಹೇಳಬೇಕು, ಒಂದು ವರ್ಷದ ಕರಾರಿಗೆ ತಾನಾಗಿ ಸಹಿ ಹಾಕಬೇಕು. ಹಾಕಿದರೆ ಮನೆ, ಶಾಲೆ, ವಾರಕ್ಕೊಮ್ಮೆ ಡಾಕ್ಟರು. ಹಾಕದಿದ್ದರೆ ಕೋರ್ಟು. ಕೋರ್ಟೆಂದರೆ ನಾನೂರು ಕಿಲೋಮೀಟರ್ ಆಚೆ ಬೀಗ ಹಾಕಿದ ಬಾಗಿಲುಗಳ ಒಂದು ಸಂಸ್ಥೆ ಎಂದು ಹಾಲ್ವರ್ ಎಲ್ಲೋ ಓದಿದ್ದ. ಓದಿದ ಮೇಲೆ ಅವನಿಗೆ ಅನ್ನ ನೀರು ಸೇರಲಿಲ್ಲ.

ಸುಮ್ಮನೆ ಕೂರಲು ಬಾರದ ಮನುಷ್ಯ ಏನು ಮಾಡಿಯಾನು? ಏಪ್ರಿಲ್ ಮೊದಲ ರಜೆವಾರ ಸುಟ್ಟ ಜಾಗಕ್ಕೆ ಹೋಗಿ ಬೂದಿ ಗೋರಿದ. ಆಸ್ಲೌಗ್ ಊರಲ್ಲಿರಲಿಲ್ಲ, ಮಾರ್ಚಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡು ಪಟ್ಟಣದಲ್ಲಿ ಶುಶ್ರೂಷೆಯಲ್ಲಿದ್ದಳು. ಕೇಳೋಣವೆಂದು ಅವನಿಗೆ ಹೊಳೆಯಲೇ ಇಲ್ಲ. ಎರಡನೇ ದಿನ ಪಕ್ಕದ ಮನೆಯವನು ಗರಗಸ ತಂದ. ಮೂರನೇ ದಿನ ಅಂಗಡಿಯವಳು ಮೀನಿನ ವಡೆ ಕಟ್ಟಿಕೊಂಡು ಬಂದು ಮೊಳೆ ಡಬ್ಬಿ ಹಿಡಿದು ನಿಂತಳು. ಭಾನುವಾರದ ಹೊತ್ತಿಗೆ ಹನ್ನೊಂದು ಜನ. ಯಾರೂ ಯಾರನ್ನೂ ಕರೆದಿರಲಿಲ್ಲ. ತಿರಿಲ್ ಹೆಸರು ಯಾರೂ ಎತ್ತಲಿಲ್ಲ. ಅದೇ ಅವರ ಮರ್ಯಾದೆ, ಅದೇ ಅವರ ಪ್ರೀತಿ. ಮೇ ಕೊನೆಗೆ ದೋಣಿಮನೆ ಮೊದಲಿನ ಜಾಗದಲ್ಲಿ ಮೊದಲಿನಂತೆಯೇ ಎದ್ದು ನಿಂತಿತ್ತು. ಬೂದಿಯಲ್ಲಿ ಸಿಕ್ಕ ಹಳೇ ಕೀಲುಗಳನ್ನು ನೋಡಿ ಬಾಗಿಲನ್ನೂ ಹಾಲ್ವರ್ ಹಿಂದೆ ಇದ್ದ ಹಾಗೇ ಬಲಕ್ಕೆ ತೆರೆಯುವಂತೆ ಕೂರಿಸಿದ.

"ತಿರಿಲ್‌ಗೆ ಹೇಳ್ದೆಯಾ?" ಎಂದು ಸಿಸೆಲ್ ಕೇಳಿದಳು.

"ಅವಳು ಕೇಳಲಿಲ್ಲವಲ್ಲ."

"ಅವಳು ಕೇಳೋದಲ್ಲ ಮಾರಾಯ, ನೀನು ಹೇಳೋದು."

"ಸಭೆಯಲ್ಲಿ ಹೇಳ್ತೀನಿ. ಖುಷಿಪಡ್ತಾಳೆ ಬಿಡು. ಹೊರೆ ಇಳಿಯುತ್ತೆ."

ಪ್ರತಿ ಭಾನುವಾರ ವಾರ್ಡಿಗೆ ಹೋಗಿ ಮಗಳ ಎದುರು ಕೂತು ಬರುತ್ತಿದ್ದ. ಅವಳು ನಿಜಾನಾ ಎಂದು ಎಷ್ಟೋ ಕೇಳುತ್ತಿದ್ದಳು, ದೋಣಿಮನೆಯ ಬಗ್ಗೆ ಮಾತ್ರ ಕೇಳಲಿಲ್ಲ. ಕೇಳದ್ದಕ್ಕೂ ಉತ್ತರ ಕೊಡಬೇಕೆಂದು ಒಪ್ಪಂದದಲ್ಲಿ ಇಲ್ಲವಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಜೂನ್ ಮಧ್ಯದಲ್ಲಿ ಪಂಚಾಯಿತಿ ಕಟ್ಟಡದ ಮೇಲಂತಸ್ತಿನಲ್ಲಿ ಸಭೆ ಸೇರಿತು. ಮೇಜಿಲ್ಲದೆ ವೃತ್ತಾಕಾರದಲ್ಲಿ ಇಟ್ಟ ಕುರ್ಚಿಗಳು, ಮೂಲೆಯಲ್ಲಿ ಕಾಫಿ, ಒಂದು ತಟ್ಟೆ ವಾಫಲ್. ಸಭೆ ನಡೆಸುವವಳು ಯೂರುನ್, ನಲವತ್ತರ ಹೆಂಗಸು, ಕೊರಳಲ್ಲಿ ಕನ್ನಡಕ. ಒಬ್ಬ ಪೊಲೀಸ್ ಅಧಿಕಾರಿಣಿ, ವಾರ್ಡಿನ ಡಾಕ್ಟರು, ಊರುಗೋಲು ಹಿಡಿದ ಆಸ್ಲೌಗ್, ಮತ್ತೆ ಇವರು ಮೂವರು. ತಿರಿಲ್ ತೊಡೆಯ ಮೇಲೆ ಒಂದು ಹಸಿರು ನೋಟ್‌ಬುಕ್ ಇಟ್ಟುಕೊಂಡಿದ್ದಳು. ಕೂದಲು ತಾನೇ ಕತ್ತರಿಸಿಕೊಂಡಿದ್ದಳೋ ಏನೋ, ಒಂದು ಕಡೆ ಗಿಡ್ಡ. ಹಾಲ್ವರನ ಕಣ್ಣು ಮತ್ತೆ ಮತ್ತೆ ಆ ಗಿಡ್ಡ ಕೂದಲಿನ ಕಡೆಗೇ ಹೋಗುತ್ತಿತ್ತು.

"ಇವತ್ತು ಮಾತಾಡೋದು ತಿರಿಲ್," ಎಂದಳು ಯೂರುನ್. "ಅಪ್ಪ ಅಮ್ಮ ಕಾಫಿ ಕುಡೀಬಹುದು."

ತಿರಿಲ್ ನೆಲ ನೋಡುತ್ತಾ ಹೇಳಿದಳು. ಯಾರೋ ಅಳುತ್ತಿದ್ದದ್ದು, ಅವಳಿಗೆ ಕೇಳಿಸಿದ್ದು, ಬಕೆಟ್ಟು, ಬೆಂಕಿ. "ಯಾರೂ ಇರಲಿಲ್ಲ ಅಂತ ಈಗ ಗೊತ್ತು. ಆದ್ರೆ ಕೇಳಿಸಿದ್ದಂತೂ ಕೇಳಿಸಿತು. ತಪ್ಪಾಯ್ತು, ಆಸ್ಲೌಗಜ್ಜಿ."

ಆಸ್ಲೌಗ್ ಊರುಗೋಲು ತಿರುಗಿಸಿದಳು. "ನನ್ನ ಗಂಡ ಎಡ್ವಿನ್ ಸತ್ತು ಹನ್ನೊಂದು ವರ್ಷ ಆಯ್ತು," ಎಂದಳು. "ಅವನ ಉಣ್ಣೆ ಟೋಪಿ ಬಾಗಿಲ ಹಿಂದೆ ಮೊಳೆಗೆ ನೇತಾಡ್ತಿತ್ತು. ದಿನಾ ಹೋಗಿ ಮೂಸಿ ನೋಡ್ತಿದ್ದೆ, ಹುಚ್ಚಿ ಹಾಗೆ. ಅದು ಹೋಯ್ತು. ಅದನ್ನ ನೀನು ವಾಪಸ್ ಕೊಡೋಕಾಗಲ್ಲ, ಮಗಾ. ನಿಂಗೆ ಇದು ಗೊತ್ತಿರಲಿ ಅಂತ ಹೇಳ್ದೆ, ಅಷ್ಟೇ."

ತಿರಿಲ್ ತಲೆಯೆತ್ತಿ ಅವಳನ್ನು ನೋಡಿದಳು. ಅಳಲಿಲ್ಲ. ನೋಟ್‌ಬುಕ್ ತೆರೆದು ಅದರಲ್ಲೊಂದು ಸಾಲು ಬರೆದುಕೊಂಡಳು. ಹಾಲ್ವರ್ ಕುರ್ಚಿಯ ತುದಿಗೆ ಬಂದಿದ್ದ. ಮಗಳ ಎದೆಗೆ ಬಿದ್ದ ಆ ಮಾತನ್ನು ಎತ್ತಿ ಆಚೆ ಎಸೆಯಬೇಕೆನಿಸುತ್ತಿತ್ತು ಅವನಿಗೆ.

"ಕೊಡೋಕಾಗಲ್ಲ," ಎಂದಳು ತಿರಿಲ್. "ಆದ್ರೆ ನಾನು ಒಂದು ಯೋಚನೆ ಮಾಡಿದೀನಿ. ವಾರ್ಡಲ್ಲಿ ಮರಗೆಲಸದ ಕೋಣೆ ಇದೆ. ಇನ್ನೂರು ಮೊಳೆ ಹೊಡೆದು ಕಲಿತೆ. ನಾನು ಅಜ್ಜಿಗೆ..."

"ಅದೇನೂ ಬೇಕಾಗಿಲ್ಲ ಪುಟ್ಟಾ!" ಹಾಲ್ವರ್ ಎದ್ದೇ ನಿಂತುಬಿಟ್ಟ. ಕಾಫಿ ಚೆಲ್ಲಿತು. "ಕಟ್ಟಿ ಆಗಿದೆ! ಎಲ್ಲಾ ಮುಗಿದಿದೆ. ನೋಡು!" ಎಂದು ಫೋನ್ ತೆಗೆದು ಫೋಟೋ ತೋರಿಸಿದ. ಹೊಸ ಹಲಗೆಗಳು, ಹೊಸ ಟಾರು, ಹಿಂದೆ ನೀಲಿ ಕಡಲು. ಊರವರು ಹನ್ನೊಂದು ಜನ ಸುತ್ತಿಗೆ ಹಿಡಿದು ನಿಂತು ನಗುತ್ತಿದ್ದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯೂರುನ್ ಕನ್ನಡಕ ಹಾಕಿಕೊಂಡು ನೋಡಿ, ತೆಗೆದಳು. ಸಿಸೆಲ್ ಕಣ್ಣು ಮುಚ್ಚಿಕೊಂಡಳು.

"ಕಡಲ ಕಡೆ ಗೋಡೆಗೆ ಎಷ್ಟು ಹಲಗೆ?" ತಿರಿಲ್ ಮೆಲ್ಲಗೆ ಕೇಳಿದಳು.

"ಹತ್ತೊಂಬತ್ತು."

ತಿರಿಲ್ ನೋಟ್‌ಬುಕ್ ಅವನತ್ತ ತಿರುಗಿಸಿದಳು. ಪೆನ್ಸಿಲ್ಲಿನಲ್ಲಿ ಬಿಡಿಸಿದ ದೋಣಿಮನೆ. ಕಡಲ ಕಡೆ ಗೋಡೆಯ ಒಂದೊಂದು ಹಲಗೆಗೂ ಅಂಕಿ ಹಾಕಿದ್ದಳು: ಒಂದರಿಂದ ಹತ್ತೊಂಬತ್ತು. ಕೀಲು ಎಲ್ಲಿ, ಅಗುಳಿ ಎಲ್ಲಿ, ಯಾವ ವಾರ ಯಾವ ಕೆಲಸ, ಎಲ್ಲ ಬರೆದಿದ್ದಳು. ನಾಲ್ಕು ತಿಂಗಳು ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ನೆನಪಿನಿಂದಲೇ ಅದನ್ನೆಲ್ಲ ಕಟ್ಟಿದ್ದಳು ಅವಳು. ನೋಟ್‌ಬುಕ್ ಮುಚ್ಚಿದಳು.

"ಹಾಗಾದ್ರೆ ನಾನು ಸೈನ್ ಮಾಡಲ್ಲ."

"ತಿರಿಲ್," ಎಂದಳು ಸಿಸೆಲ್.

"ಏನಂತ ಮಾಡ್ಲಿ ಅಮ್ಮ? ಸುಟ್ಟಿದ್ದು ಕಾಯಿಲೆ ಅಂತಾರೆ. ಕಟ್ಟಿದ್ದು ಅಪ್ಪ. ಇದರಲ್ಲಿ ನಾನೆಲ್ಲಿದೀನಿ? ಕೋರ್ಟಿಗೆ ಕಳಿಸಿ. ಅಲ್ಲಾದ್ರೂ ಇವಳೇ ಮಾಡಿದ್ದು ಅಂತ ಹೇಳ್ತಾರೆ."

ಹಾಲ್ವರ್ ನಿಂತೇ ಇದ್ದ. ಕೂರಬೇಕೆಂಬುದೂ ಮರೆತಿತ್ತು. ಅಷ್ಟೂ ಹಲಗೆ ಹೊತ್ತ ಕೈಗಳು ಈಗ ಪಕ್ಕದಲ್ಲಿ ಜೋತುಬಿದ್ದಿದ್ದವು. ಹುಡುಗಿ ಒಪ್ಪದಿದ್ದರೆ ಸಭೆ ಇಲ್ಲಿಗೇ ಮುಗಿಯುತ್ತದೆ, ಕಡತ ವಾಪಸು ಹೋಗುತ್ತದೆ ಎಂದು ಯೂರುನ್ ಬೇಸರದ ದನಿಯಲ್ಲಿ ವಿವರಿಸುತ್ತಿದ್ದಳು. ಪೊಲೀಸಿನವಳು ಪೆನ್ನಿನ ಮುಚ್ಚಳ ಹಾಕಿದಳು.

ಆಗ ಆಸ್ಲೌಗ್ ಕೆಮ್ಮಿದಳು. "ಆ ಫೋಟೋ ಇಲ್ಲಿ ಕೊಡೋ." ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. "ಅಯ್ಯೋ ಹಾಲ್ವರ್. ಬಾಗಿಲು ತಪ್ಪಿಟ್ಟಿದೀಯಲ್ಲೋ. ನನ್ನ ಬಾಗಿಲು ಯಾವತ್ತೂ ಎಡಕ್ಕೆ ತೆಗೀತಿತ್ತು. ಇದು ಬಲಕ್ಕಿದೆ. ಗೋಡೆ ಬಿಚ್ಚದೆ ಇದನ್ನ ತಿರುಗಿಸೋಕಾಗಲ್ಲ. ಯಾರಾದ್ರೂ ಬಿಚ್ಚಿ ಕಟ್ಟಬೇಕಾಗುತ್ತೆ. ಮೊಳೆ ಹೊಡೆಯೋಕೆ ಬರೋರು."

ಎಂಥ ಮುದುಕಿ! ಹಾಲ್ವರನ ಎದೆಯೊಳಗೆ ಒಂದು ಬಾಗಿಲೇ ತೆರೆದಂತಾಯಿತು. ಬಾಯಿ ತೆರೆದು, ಹೌದು, ತಪ್ಪಾಯ್ತು, ನೋಡಿಕೊಳ್ಳಲಿಲ್ಲ ಎಂದುಬಿಟ್ಟರೆ ಮುಗಿಯಿತು. ಇಷ್ಟು ವರ್ಷ ಒಂದು ಕೀಲನ್ನೂ ತಪ್ಪಿಡದವನು ಎಲ್ಲರೆದುರು ತಪ್ಪೊಪ್ಪಿಕೊಂಡರೆ ಮಗಳು ಮನೆಗೆ ಬರುತ್ತಾಳೆ. ಅದಕ್ಕಿಂತ ಅಗ್ಗದ ಬೆಲೆ ಉಂಟೇ?

ತಿರಿಲ್ ನೋಟ್‌ಬುಕ್ಕಿನ ಚಿತ್ರ ನೋಡಿದಳು. ಆಸ್ಲೌಗ್‌ಳನ್ನು ನೋಡಿದಳು. ಅವಳ ಹುಬ್ಬಿನ ನಡುವೆ ಆ ಹಳೇ ಗೆರೆ ಮೂಡಿತು. ತನ್ನ ತಲೆಯನ್ನೇ ನಂಬಲಾಗದಾಗ ಮೂಡುವ ಗೆರೆ. ಆಮೇಲೆ ಅಪ್ಪನ ಕಡೆ ತಿರುಗಿದಳು.

"ನಾನು ಬಲಕ್ಕೆ ಬಿಡಿಸಿದೀನಿ. ನನಗೆ ಚೆನ್ನಾಗಿ ನೆನಪಿದೆ ಅನ್ಕೊಂಡಿದ್ದೆ. ಅಪ್ಪ, ಎಡಕ್ಕಿತ್ತಾ? ನಿಜಾನಾ?"

ಆಸ್ಲೌಗ್ ಅವನನ್ನೇ ನೋಡುತ್ತಿದ್ದಳು, ಹೂಂ ಅನ್ನೋ ಕತ್ತೆ ಎನ್ನುವಂತೆ. ಸಿಸೆಲ್ ಕೂಡ. ಒಂದೇ ಒಂದು ಹೂಂ. ಆದರೆ ಹಾಗೆಂದರೆ ನಾಳೆ ಬೆಳಿಗ್ಗೆ ರೇಡಿಯೋ ಅವಳ ಹೆಸರು ಹೇಳಿದಾಗ ಅವಳು ಯಾರನ್ನು ಕೇಳಬೇಕು?

"ಇಲ್ಲ," ಎಂದ ಹಾಲ್ವರ್. "ಬಲಕ್ಕೇ ಇತ್ತು. ನಿನ್ನ ಚಿತ್ರ ಸರಿ ಇದೆ. ಆಸ್ಲೌಗ್ ನಿನಗೋಸ್ಕರ ಸುಳ್ಳು ಹೇಳ್ತಿದಾಳೆ."

ಹಾಲ್ವರನಿಗೆ ಇನ್ನು ನಿಲ್ಲಿಸಲಾಗಲಿಲ್ಲ. ಅಷ್ಟು ಮಾತು ಅವನು ಒಂದು ವರ್ಷದಲ್ಲಿ ಆಡಿದವನಲ್ಲ.

"ಇನ್ನೂ ಒಂದು ನಿಜ ಇದೆ. ನಾನು ಅದನ್ನ ನಿನಗೋಸ್ಕರ ಕಟ್ಟಲಿಲ್ಲ. ಆವತ್ತು ನೀನು ಫೋನ್ ಮಾಡ್ದೆ, ನಾನು ಎತ್ತಲಿಲ್ಲ. ದಿನಾ ಫೆರಿಯಿಂದ ಆ ಕರೀ ಜಾಗ ಕಾಣ್ತಿತ್ತು. ನನಗೆ ನೋಡೋಕಾಗ್ತಿರಲಿಲ್ಲ. ಮುಚ್ಚಿಬಿಟ್ಟೆ. ನಿನ್ನ ಕೆಲಸ ನಾನು ಕಿತ್ಕೊಂಡೆ. ತಪ್ಪಾಯ್ತು ಪುಟ್ಟಾ."

ಹೇಳಿ ಧೊಪ್ಪನೆ ಕೂತ. ಮುಖ ಮುಚ್ಚಿಕೊಂಡು ಅತ್ತ. ಪೊಲೀಸಿನವಳು ಎದ್ದು ಹೋಗಿ ಅವನಿಗೆ ಒಂದು ವಾಫಲ್ ತಂದುಕೊಟ್ಟಳು. ಬೇರೇನು ಮಾಡಬೇಕೆಂದು ಪಾಪ ಅವಳಿಗೂ ತಿಳಿಯಲಿಲ್ಲ.

"ಫೋನ್ ಎತ್ತಿದ್ರೆ ಏನು ಹೇಳ್ತಿದ್ದೆ?" ತಿರಿಲ್ ಕೇಳಿದಳು.

"ಒಳಗೆ ಯಾರೂ ಇಲ್ಲ ಅಂತ."

"ಹೂಂ," ಎಂದಳು ತಿರಿಲ್. "ಅಷ್ಟು ಸಾಕಿತ್ತು." ಆಮೇಲೆ, "ಮಾತ್ರೆ ಬೂಟಿಗೆ ಹಾಕಿದ್ದು ನಾನು. ಅದು ನಂದು. ಅದನ್ನೂ ನೀನೇ ತಗೋಬೇಡ," ಎಂದಳು.

"ಸರಿ, ಸುಳ್ಳು ಹೇಳ್ದೆ," ಎಂದಳು ಆಸ್ಲೌಗ್ ಒರಟಾಗಿ. "ಒಳ್ಳೇ ಸುಳ್ಳು, ಹಾಳುಮಾಡಿಬಿಟ್ಟ. ಈಗ ನಿಜ ಹೇಳ್ತೀನಿ, ಕೇಳಿ. ಹಾಲ್ವರ್, ನನ್ನ ಜಾಗದಲ್ಲಿ ನನ್ನನ್ನ ಒಂದು ಮಾತು ಕೇಳದೆ ಮನೆ ಕಟ್ಟಿದೀಯ. ನನ್ನ ಟೋಪಿಯ ಬೂದಿ ಯಾರು ಗೋರಿದ್ರು, ಎಲ್ಲಿ ಚೆಲ್ಲಿದ್ರು, ನನಗೆ ಗೊತ್ತಿಲ್ಲ. ಸೊಂಟ ಮುರಿದಿದೆ ಅಂತ ನಾನು ಸತ್ತುಹೋಗಿದ್ನಾ?"

"ಇಲ್ಲ," ಎಂದ ಹಾಲ್ವರ್ ವಾಫಲ್ ಹಿಡಿದುಕೊಂಡೇ.

"ಆ ಬಾಗಿಲು ಬಲಕ್ಕೆ ತೆಗೀತಿತ್ತು, ನಿಜ. ಐವತ್ತು ವರ್ಷ ಪಡುವಣ ಗಾಳಿ ಅದನ್ನ ನನ್ನ ಮುಖಕ್ಕೆ ಬಡಿದಿದೆ. ಎಡಕ್ಕೆ ತಿರುಗಿಸು ತಿರುಗಿಸು ಅಂತ ಎಡ್ವಿನ್‌ಗೆ ನಲವತ್ತು ವರ್ಷ ಹೇಳ್ದೆ. ಅವರಪ್ಪ ಹೀಗೇ ಇಟ್ಟಿದ್ದು ಅಂದ, ಅಷ್ಟೇ. ಗಂಡಸರ ಹಣೆಬರಹ. ಈಗ ಗೋಡೆ ನಂದು, ಬಾಗಿಲು ನಂದು. ನನಗೆ ಎಡಕ್ಕೆ ಬೇಕು. ಹುಡುಗಿ ಬಿಚ್ಚಲಿ, ಹುಡುಗಿ ಕಟ್ಟಲಿ. ನೀನು ಮುಟ್ಟಿದ್ರೆ ಕೋಲು ತಗೋತೀನಿ."

ತಿರಿಲ್ ಅಪ್ಪನ ಕಡೆ ನೋಡಿದಳು. ಹಾಲ್ವರ್ ಕಣ್ಣೊರೆಸಿಕೊಂಡು ಆಸ್ಲೌಗ್‌ಳ ಮುಖ ನೋಡಿದ. ಒಮ್ಮೆ ಆ ಬಾಗಿಲು ಬಡಿದು ಅವಳ ಹಲ್ಲು ಮುರಿದದ್ದು ಅವನಿಗೆ ನೆನಪಾಯಿತು.

"ಇದು ನಿಜ ಪುಟ್ಟಾ," ಎಂದ.

ತಿರಿಲ್ ಹೊಸ ಹಾಳೆ ತೆರೆದು ಬರೆಯತೊಡಗಿದಳು. ಬರೆದು ಮುಗಿಸಲು ಅವಳಿಗೆ ಮುಕ್ಕಾಲು ಗಂಟೆ ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವಳು ಸಹಿ ಹಾಕಿದಳು.

ಬೇಸಿಗೆಯೆಲ್ಲ ಆ ಕೆಲಸ ನಡೆಯಿತು. ಹಾಲ್ವರ್ ಒಂದು ದಿನದಲ್ಲಿ ಮಾಡುವ ಕೆಲಸಕ್ಕೆ ಅವಳು ಹತ್ತು ವಾರ ತೆಗೆದುಕೊಂಡಳು. ಕೆಲವು ದಿನ ಬರಲಾಗುತ್ತಿರಲಿಲ್ಲ. ಹೊದಿಕೆ ಎಳೆದುಕೊಂಡು ಗೋಡೆ ನೋಡುತ್ತಾ ಮಲಗುತ್ತಿದ್ದಳು. ಬಂದ ದಿನ ಒಂದೊಂದೇ ಮೊಳೆ ಕೀಳುತ್ತಾ, ನೆಟ್ಟಗೆ ಮಾಡುತ್ತಾ, ಡಬ್ಬಿಗೆ ಹಾಕುತ್ತಾ ಇರುತ್ತಿದ್ದಳು. ಆಸ್ಲೌಗ್ ಮಡಚುಕುರ್ಚಿ ಹಾಕಿಸಿಕೊಂಡು ಕೂತು ತಪ್ಪು ಹುಡುಕುತ್ತಿದ್ದಳು. ಹಾಲ್ವರನಿಗೆ ನೋಡಲು ಮಾತ್ರ ಅನುಮತಿ. ಅವನು ಎರಡೂ ಕೈ ಜೇಬಿಗೆ ತುರುಕಿಕೊಂಡು ದೂರದ ಬಂಡೆಯ ಮೇಲೆ ನಿಂತಿರುತ್ತಿದ್ದ. ಆ ವರ್ಷ ಅವನ ಮನೆಯ ಸೌದೆ ರಾಶಿ ಮಾಡಿಗೆ ಮುಟ್ಟಿತು.

ಆಗಸ್ಟ್ ಕೊನೆಗೆ ಬಾಗಿಲು ಕೂತಿತು. ಎಡಕ್ಕೆ ತೆರೆಯಿತು, ಅರ್ಧ ತೆರೆದು ಹೊಸಿಲಿಗೆ ಸಿಕ್ಕಿಹಾಕಿಕೊಂಡಿತು. ತಿರಿಲ್ ಬೆವರು ಒರೆಸಿಕೊಂಡು ಅಪ್ಪನನ್ನು ಕರೆದಳು.

"ಸೊಟ್ಟ ಇದೆ ಅನ್ಸುತ್ತೆ. ನಿಜಾನಾ?"

"ನಿಜ. ಕೆಳಗಡೆ ಒಂದು ಬೆರಳು ಸೊಟ್ಟ."

"ನನಗೂ ಹಾಗೇ ಕಾಣ್ತು," ಎಂದಳು ತಿರಿಲ್. ಅವಳ ಮುಖವೆಲ್ಲ ನಗುವಾಯಿತು. ತನ್ನ ಕಣ್ಣಿಗೆ ಕಂಡದ್ದೇ ಅಪ್ಪನಿಗೂ ಕಂಡಿತ್ತು. ಬಾಗಿಲ ಹಿಂದೆ ಅವಳು ಒಂದು ಮೊಳೆ ಹೊಡೆದಿದ್ದಳು, ಖಾಲಿ ಮೊಳೆ. ಅದರ ಮೇಲೆ ಆಸ್ಲೌಗ್ ಏನನ್ನೂ ನೇತುಹಾಕಲಿಲ್ಲ, ಕೀಳಲೂ ಹೇಳಲಿಲ್ಲ; ಹೋಗುವಾಗ ಒಮ್ಮೆ ಮುಟ್ಟಿ ನೋಡಿ ಹೋದಳು.

ತಿರಿಲ್ ಹೊಸಿಲಲ್ಲಿ ನಿಂತು ಒಳಗಿನ ಕತ್ತಲಿಗೆ ಕಿವಿಗೊಟ್ಟಳು.

"ಅಪ್ಪ, ಒಳಗೆ ಯಾರೋ ಅಳ್ತಿದಾರೆ. ನಿಜಾನಾ?"

ಹಾಲ್ವರ್ ಒಳಗೆ ಹೋದ. ರಿಪೇರಿಯಾಗಿ ಮರಳಿ ಬಂದಿದ್ದ ದೋಣಿಯ ಕೆಳಗೂ ಬಗ್ಗಿ ನೋಡಿ ಬಂದ.

"ಯಾರೂ ಇಲ್ಲ."

"ಸರಿ," ಎಂದು ತಿರಿಲ್ ಬಾಗಿಲನ್ನು ಭುಜದಿಂದ ಎತ್ತಿ, ನೂಕಿ, ಮುಚ್ಚಿ ಅಗುಳಿ ಹಾಕಿದಳು. ಕೈ ತೊಳೆಯಲು ನೀರಿನ ಕಡೆ ಇಳಿದಳು.

ಹಾಲ್ವರನ ಜೇಬಿನಲ್ಲಿ ಮರ ಹೆರೆಯುವ ಚಿಕ್ಕದೊಂದು ಉಜ್ಜುಗೊರಡು ಇತ್ತು. ಎರಡು ಸಲ ಎಳೆದರೆ ಆ ಒಂದು ಬೆರಳು ಸೊಟ್ಟ ಸರಿಹೋಗುತ್ತಿತ್ತು, ಅವಳು ತಿರುಗಿ ಬರುವುದರೊಳಗೆ. ಅವನು ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಈಗಲೂ ಆಸ್ಲೌಗ್‌ಳ ದೋಣಿ ಹೊರತೆಗೆಯಲು ಹೋದಾಗೆಲ್ಲ ಅವನು ಆ ಬಾಗಿಲನ್ನು ಭುಜಕೊಟ್ಟು ಎತ್ತಿಯೇ ತೆರೆಯುತ್ತಾನೆ.